ಅಂಕಿತ ಮತ್ತು ಅಂಗಡಿ

ಒಂದು ವಚನ ಯಾರದೆಂದು ತಿಳಿಯುವದು ಹೇಗೆ? ಕೊನೆಯಲ್ಲಿರುವ ಅಂಕಿತದಿಂದ ಎಂದು ಎಂಟನೆಯ ತರಗತಿಯ ಹುಡುಗನೂ ಹೇಳಿಯಾನು. ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರದು. ‘ಗುಹೇಶ್ವರ’ ಎಂದಿದ್ದರೆ ಅಲ್ಲಮಪ್ರಭುವಿನದು. ಆದರೆ ಅಂಕಿತವೊಂದನ್ನೇ ನಂಬಿದರೆ ಸಾಲದೆಂಬದು ಹಳೆಯ ಪ್ರತಿಗಳನ್ನು ಪರಿಶೋಧಿಸಿದವರಿಗೆ ಗೊತ್ತು. ಯಾರೋ ಕಟ್ಟಿದ ಮಾತಿನ ಕೊನೆಗೆ ಹಿರಿಯರ ಅಂಕಿತವನ್ನು ಅಂಟಿಸುವದು ಬಹಳ ಸುಲಭ. ಅದಕ್ಕೆಂದೇ ವಿದ್ವಾಂಸರು ನಾಲ್ಕು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಹೋಲಿಸಿ ನೋಡುತ್ತಾರೆ.

ವಾಚಕರೇ, ವ್ಯಾಪಾರದಲ್ಲಿ ಗಳಿಸಿದ ಹೆಸರೂ ಒಂದು ಅಂಕಿತವೇ. ಅದನ್ನು ಕದಿಯುವವರು ಈಗ ಸಾಮಾಜಿಕ ಜಾಲತಾಣಗಳಲ್ಲಿ ಹೆಚ್ಚಾಗಿದ್ದಾರೆ. ಅವರಿಂದ ಪಾರಾಗುವ ಬಗೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮನೆಯಲ್ಲಿಯೇ ಪೆಟ್ಟು ತಿಂದು ಕಲಿತೆ.

ನಮ್ಮ ಮಿಶ್ರಿಕೋಟಿ ಕಲಘಟಗಿ ತಾಲೂಕಿನ ಊರು. ಈ ತಾಲೂಕಿನ ಹೆಸರನ್ನು ದೂರ ದೂರಕ್ಕೆ ಒಯ್ದ ವಸ್ತುವೆಂದರೆ ಕಲಘಟಗಿಯ ಬಣ್ಣದ ತೊಟ್ಟಿಲು. ಸಾಗವಾನಿಯ ಕಟ್ಟಿಗೆ, ಅರಗಿನ ಹೊಳಪು, ಸುತ್ತಲೂ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು. ಕೆಲವೇ ಮನೆತನಗಳ ಕೈಯಲ್ಲಿ ಉಳಿದುಬಂದ ಕಲೆಯಿದು. ನಟ ಅಂಬರೀಶ್ ಅವರು 2018ರಲ್ಲಿ ತೀರಿಕೊಳ್ಳುವ ಮೊದಲು ನಟ ಯಶ್ ಅವರ ಮಗುವಿಗೆಂದು ಇಲ್ಲಿಯೇ ಹೇಳಿಟ್ಟಿದ್ದ ತೊಟ್ಟಿಲು 2019ರಲ್ಲಿ ಆ ಮನೆಯನ್ನು ಸೇರಿತು. ಆ ಸುದ್ದಿಯಿಂದ ಈ ತೊಟ್ಟಿಲನ್ನು ಕಂಡರಿಯದವರಿಗೂ ಅದರ ಹೆಸರು ತಿಳಿಯಿತು. ಹೆಸರು ಬೆಳೆದಲ್ಲಿ ಕಳ್ಳನ ಕಣ್ಣೂ ಬೀಳುತ್ತದೆ.

ನನ್ನ ಅಣ್ಣನ ಮಗಳು ಪುಣೆಯಲ್ಲಿರುವಳು. ಕೂಸಿನ ಹೆಸರಿಡುವ ಕಾರ್ಯಕ್ಕೆ ಕಲಘಟಗಿಯ ತೊಟ್ಟಿಲೇ ಬೇಕೆಂದು ಆಕೆಯ ಹಟ. ಜಾಲತಾಣದ ಒಂದು ಪುಟದಲ್ಲಿ ಚಿತ್ರ ನೋಡಿ, ಎಂಟು ಸಾವಿರ ರೂಪಾಯಿ ಮುಂಗಡ ಕಳಿಸಿದಳು. ಆಮೇಲೆ ಸಾಗಣೆಯ ಖರ್ಚೆಂದು ಎರಡು ಸಾವಿರ ಹೋಯಿತು. ಕಾರ್ಯಕ್ಕೆ ನಾಲ್ಕು ದಿನ ಉಳಿದಾಗ ಫೋನು ಬಂತು: “ಕಾಕಾ, ತೊಟ್ಟಿಲ ಇನ್ನೂ ಬಂದಿಲ್ಲ. ಅವರು ಫೋನ ಎತ್ತವಲ್ಲರು.”

ನಾನು ಬಸ್ಸು ಹಿಡಿದು ಕಲಘಟಗಿಗೆ ಹೋದೆ. ಆ ಚಿತ್ರದ ತೊಟ್ಟಿಲನ್ನು ಮಾಡಿದ ಮನೆ ಸಿಕ್ಕಿತು. ಅಲ್ಲಿಯ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ನನ್ನ ಫೋನು ನೋಡಿದವಳೇ ಅಂದಳು: “ಸರ, ಚಿತ್ರ ನಮ್ಮದ ಅದ, ನಂಬರ ನಮ್ಮದಲ್ಲರಿ.”

ಹಾಗಾದರೆ ನಮ್ಮ ಹುಡುಗಿ ನಿಮ್ಮನ್ನೇಕೆ ಕೇಳಲಿಲ್ಲ ಎಂದೆ. ಆಕೆ ತನ್ನ ಫೋನನ್ನು ತೆರೆದು ನೋಡಿದಳು. ನಮ್ಮ ಹುಡುಗಿ ಮೊದಲು ಕೇಳಿದ್ದು ಇವರನ್ನೇ! ಮಾವ ಕಟ್ಟಿಗೆ ಕೆತ್ತುತ್ತಿದ್ದ, ಗಂಡನ ಕೈತುಂಬ ಬಣ್ಣ, ಈಕೆಗೆ ದರ ಹೇಳುವ ಅಧಿಕಾರವಿಲ್ಲ. ನಾಲ್ಕು ದಿನ ಉತ್ತರ ಹೋಗಿರಲಿಲ್ಲ. ಕಳ್ಳನಾದರೋ ಎರಡು ನಿಮಿಷದಲ್ಲಿ “ನಮಸ್ಕಾರ ಅಕ್ಕಾ” ಎಂದು ಉತ್ತರ ಕೊಟ್ಟಿದ್ದ.

ಈ ಲೇಖನದ ಸಾರವೆಲ್ಲ ಇಷ್ಟೇ. ನಿಜವಾದ ಅಂಗಡಿ ಸುಮ್ಮನಿದ್ದಲ್ಲಿ ಸುಳ್ಳಿನ ಅಂಗಡಿ ಬಾಯಿ ತೆರೆಯುತ್ತದೆ. ಆದ್ದರಿಂದ ಹೆಸರನ್ನು ಕಾಯುವ ಮೊದಲನೆಯ ಉಪಾಯವೆಂದರೆ ಮಾರುವವರ ಕೈಗೆ ಬಲ ಕೊಡುವದು. ತೊಟ್ಟಿಲಿನ ಮನೆಗಿರಲಿ, ಸ್ತ್ರೀಶಕ್ತಿ ಸಂಘದ ರೊಟ್ಟಿ, ಚಟ್ನಿಪುಡಿಯ ವ್ಯಾಪಾರಕ್ಕಿರಲಿ, ಮಾತು ಒಂದೇ.

ಮಾರುವವರಿಗೆ ಏನೇನು ಬೇಕು? ಒಂದನೆಯದು, ಎಲ್ಲರಿಗೂ ಗೊತ್ತಿರುವ ಒಂದೇ ಫೋನ್ ಸಂಖ್ಯೆ. ಅದು ಅಂಗಡಿಯ ಫಲಕದ ಮೇಲೆಯೂ ರಸೀದಿಯ ಮೇಲೆಯೂ ಇರಬೇಕು. ಎರಡನೆಯದು, ಬರೆದಿಟ್ಟ ದರಪಟ್ಟಿ ಮತ್ತು ಅದನ್ನು ಹೇಳುವ ಅಧಿಕಾರ. ಮೂರನೆಯದು, ಉತ್ತರಿಸುವದಕ್ಕೆ ಗೊತ್ತುಪಡಿಸಿದ ಹೊತ್ತು. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಸಾಕು. ನಾಲ್ಕನೆಯದು, ಹಣ ಬರುವ ಖಾತೆ ಒಂದೇ ಆಗಿರಬೇಕು. ಫೋನಿನಿಂದ ಹಣ ಕಳಿಸುವ ಮೊದಲು ಪಡೆಯುವವರ ಹೆಸರು ಮೂಡುತ್ತದಷ್ಟೆ. “ಈ ಹೆಸರು ಕಂಡರೆ ಮಾತ್ರ ಕಳಿಸಿರಿ” ಎಂದು ಗಿರಾಕಿಗೆ ಮೊದಲೇ ತಿಳಿಸಿಡಬೇಕು.

ಮೋಸ ಗಿರಾಕಿಗಷ್ಟೇ ಅಲ್ಲ, ಮಾರುವವರಿಗೂ ಕಾದಿರುತ್ತದೆ. “ಹತ್ತು ತೊಟ್ಟಿಲು ಬೇಕು, ಮುಂಗಡ ಕಳಿಸುತ್ತೇನೆ, ಈ ಚೌಕಳಿ ಸಂಕೇತವನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆ ಒತ್ತಿರಿ” ಎಂದು ಒಬ್ಬನು ಹೇಳುತ್ತಾನೆ. ಹಣ ಪಡೆಯುವದಕ್ಕೆ ಗುಪ್ತಸಂಖ್ಯೆ ಬೇಕಿಲ್ಲ. ಅದನ್ನು ಒತ್ತಿದಿರೋ, ಹೋಗುವದು ನಿಮ್ಮ ರೊಕ್ಕ. “ನಿಮ್ಮ ಪುಟವನ್ನು ಮುಚ್ಚುತ್ತೇವೆ, ಇಲ್ಲಿ ಗುಪ್ತಪದ ಬರೆಯಿರಿ” ಎಂದು ಇನ್ನೊಬ್ಬನು ಹೆದರಿಸುತ್ತಾನೆ. ಬರೆದರೆ ಪುಟವೇ ಅವನದಾಗುತ್ತದೆ. ಎರಡು ಹಂತದ ಪರೀಕ್ಷೆಯನ್ನು ಪುಟಕ್ಕೆ ಹಾಕಿಡುವದು ಕ್ಷೇಮ.

ಹೆಸರಿನ ಮುಂದೆ ನೀಲಿ ಗುರುತಿದ್ದರೆ ನಂಬಬಹುದಲ್ಲವೇ ಎಂದು ನೀವು ಕೇಳಬಹುದು. 2022ರ ನವೆಂಬರಿನಲ್ಲಿ ಟ್ವಿಟರ್ ಸಂಸ್ಥೆ ತಿಂಗಳಿಗೆ ಸುಮಾರು 8 ಡಾಲರಿಗೆ ಆ ಗುರುತನ್ನು ಮಾರತೊಡಗಿತು. ಕೂಡಲೇ ಯಾರೋ ಒಬ್ಬರು ಅಮೆರಿಕದ ಎಲೈ ಲಿಲಿ ಎಂಬ ಔಷಧ ಕಂಪನಿಯ ಹೆಸರಿನಲ್ಲಿ ಗುರುತು ಕೊಂಡು, ಇನ್ಸುಲಿನ್ ಇನ್ನು ಪುಕ್ಕಟೆ ಎಂದು ಸಾರಿಬಿಟ್ಟರು! ನಿಜವಾದ ಕಂಪನಿಯೇ ಜನರ ಕ್ಷಮೆ ಕೇಳಬೇಕಾಯಿತು. ಅಂಕಿತವನ್ನು ಅಂಟಿಸುವದು ಎಲ್ಲ ಕಡೆಗೂ ಸುಲಭವೇ.

ಹಾಗಾದರೆ ಕೊಳ್ಳುವವರು ಮಾಡಬೇಕಾದದ್ದೇನು? ಪ್ರತಿಗಳನ್ನು ಹೋಲಿಸಬೇಕು. ಪುಟ ಎಂದು ಹುಟ್ಟಿದ್ದು? ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾಗಿದೆಯೇ? ದರ ಅರ್ಧಕ್ಕಿಳಿದಿದೆಯೇ? “ಇವತ್ತೇ ಕಳಿಸಿರಿ” ಎಂಬ ಅವಸರವಿದೆಯೇ? ಚಿತ್ರ ಬಿಟ್ಟು ವಿಡಿಯೋ ಕರೆಯಲ್ಲಿ ವಸ್ತುವನ್ನು ತೋರಿಸಲು ಒಲ್ಲೆನೆನ್ನುವರೇ? ಊರಿನಲ್ಲಿ ನೆಂಟರಿದ್ದರೆ ಒಮ್ಮೆ ಹೋಗಿಬರಲು ಹೇಳಿರಿ. ನಮ್ಮ ಹುಡುಗಿ ನನಗೆ ಹೇಳಲಿಲ್ಲ; ಕೂಸಿಗೆ ಏನು ಬೇಕೆಂದು ನಾನೂ ಕೇಳಿರಲಿಲ್ಲ.

ಮೋಸವಾದರೆ ನಾಚಿ ಕೂಡಬೇಡಿರಿ. 1930 ಎಂಬ ಸಂಖ್ಯೆಗೆ ಕೂಡಲೇ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಹಣ ಕೈ ಬದಲಾಯಿಸುವ ಮೊದಲು ತಡೆಯಲು ಮೊದಲ ಕೆಲವು ತಾಸುಗಳೇ ಮುಖ್ಯ. ಸಂದೇಶಗಳನ್ನು ಅಳಿಸದೆ ಚಿತ್ರ ತೆಗೆದಿಡಿರಿ. ಬೇರೊಬ್ಬರ ವೇಷ ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವದಕ್ಕೆ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಮುಖ್ಯವಾಗಿ, ಮನೆಯಲ್ಲಿಯೂ ಅಂಗಡಿಯಲ್ಲಿಯೂ ಮೋಸಹೋದವರನ್ನು ಬಯ್ಯಬೇಡಿರಿ. ಬೈಗುಳಕ್ಕೆ ಅಂಜಿ ಮುಚ್ಚಿಟ್ಟ ಒಂದು ದಿನವೇ ಕಳ್ಳನಿಗೆ ಸಿಕ್ಕ ಲಾಭ. ನಮ್ಮ ಹುಡುಗಿಯೂ ಹಾಗೆಯೇ ಎಂಟು ದಿನ ಮುಚ್ಚಿಟ್ಟಿದ್ದಳು. ಆ ಹಣ ಮರಳಿ ಬರಲಿಲ್ಲ.

ಕೂಸಿಗೆ ನೆರೆಯವರ ತೊಟ್ಟಿಲಲ್ಲಿ ಹೆಸರಿಟ್ಟರು. ಎರಡು ತಿಂಗಳ ಮೇಲೆ ಕಲಘಟಗಿಯ ತೊಟ್ಟಿಲು ನಿಜವಾಗಿಯೂ ಪುಣೆಗೆ ಹೋಯಿತು. ಈಗ ಆ ಮನೆಯಲ್ಲಿ ದರ ಹೇಳುವವಳು ಸೊಸೆಯೇ. ಮಾವ ತೊಟ್ಟಿಲಿನ ಪಟ್ಟಿಯ ಮೇಲೆ ಕೃಷ್ಣನನ್ನು ಬರೆದು ಮುಗಿಸಿದ ಮೇಲೆ, ಕೆಳಗಿನ ಮೂಲೆಯಲ್ಲಿ ಊರಿನ ಹೆಸರು ಬರೆದು, ಸೊಸೆಯ ಫೋನ್ ಸಂಖ್ಯೆಯನ್ನೂ ಬಣ್ಣದಲ್ಲಿಯೇ ಬರೆಯುತ್ತಾನೆ.