ಮೇಣದ ಬತ್ತಿ: ಬೆಳಕು ಮತ್ತು ಎಚ್ಚರ

ವಿದ್ಯುಚ್ಛಕ್ತಿ ನಿಂತ ರಾತ್ರಿ ವಿದ್ಯಾರ್ಥಿಗೆ ಒದಗುವುದು ಮೇಣದ ಬತ್ತಿ. ಅದರಲ್ಲಿ ಮುಖ್ಯವಾಗಿ ಉರಿಯುವುದು ನೂಲಲ್ಲ. ಕರಗಿದ ಮೇಣವು ನೂಲಿನ ಮೂಲಕ ಮೇಲೇರಿ ಆವಿಯಾಗುತ್ತದೆ, ಆ ಆವಿಯೇ ಜ್ವಾಲೆಯಾಗುತ್ತದೆ. ಮೈಕೇಲ್ ಫ್ಯಾರಡೆಯು 1860-61ರಲ್ಲಿ ಲಂಡನ್ನಿನಲ್ಲಿ ಬಾಲಕರಿಗೆ ಆರು ಉಪನ್ಯಾಸಗಳಲ್ಲಿ ವಿವರಿಸಿದ ವಿಷಯವಿದು.

ಈ ತತ್ತ್ವವನ್ನರಿತರೆ ಎಚ್ಚರಿಕೆಯ ಕ್ರಮಗಳು ಸುಲಭವಾಗಿ ಮನದಟ್ಟಾಗುತ್ತವೆ. ನೂಲು ಉದ್ದವಾದಷ್ಟೂ ಹೆಚ್ಚು ಮೇಣ ಆವಿಯಾಗಿ, ಜ್ವಾಲೆ ಬೆಳೆದು ಮಸಿ ಕಾರುತ್ತದೆ; ಆದುದರಿಂದ ಹಚ್ಚುವ ಮುನ್ನ ಅದನ್ನು ಕಾಲು ಅಂಗುಲಕ್ಕೆ ಕತ್ತರಿಸಬೇಕು. ಪುಸ್ತಕ, ಸೊಳ್ಳೆಪರದೆಗಳು ಒಂದಡಿಗಿಂತ ದೂರವಿರಲಿ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಇಲ್ಲಿ ಮರೆಯಲಾಗದು. ಮರದ ಮೇಜಿಗೋ ಪ್ಲಾಸ್ಟಿಕ್ ಡಬ್ಬಿಗೋ ಅಂಟಿಸಿದ ಬತ್ತಿಯು ಕಡೆಗೆ ತನ್ನ ಆಧಾರವನ್ನೇ ಸುಡಬಲ್ಲದು. ಅಗಲವಾದ ಲೋಹದ ತಟ್ಟೆಯೇ ಅದಕ್ಕೆ ಯೋಗ್ಯ ಪೀಠ. ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಒಣಗಿದ ಹೊಗೆಸೊಪ್ಪನ್ನೋ ಹುಲ್ಲನ್ನೋ ಕೂಡಿಟ್ಟ ಕೋಣೆಗೆ ಬತ್ತಿಯನ್ನು ಒಯ್ಯಲೇಬಾರದು. ಅಲ್ಲಿಗೆ ಟಾರ್ಚೇ ಸರಿ.

ದೀಪವನ್ನು ಬಾಯಿಂದ ಊದಬಾರದೆನ್ನುವರು ಹಿರಿಯರು. ಊದಿದರೆ ಕಾದ ಮೇಣ ಸಿಡಿಯುವುದುಂಟು. ಲೋಹದ ಮುಚ್ಚಳ ಕವುಚಿದರೆ ಗಾಳಿ ದೊರೆಯದೆ ಜ್ವಾಲೆ ತಾನೇ ಅಡಗುತ್ತದೆ. ಹೊತ್ತಿಕೊಂಡ ಮೇಣಕ್ಕೆ ನೀರನ್ನಂತೂ ಎರಚಬಾರದು. ಮೈ ಸುಟ್ಟರೆ ಮಾತ್ರ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಬೇಕು.

ವಿದ್ಯಾರ್ಥಿಗಳೇ, ಓದುತ್ತ ನಿದ್ದೆ ಬಂದರೆ ಮೊದಲು ದೀಪ ಶಾಂತವಾಗಲಿ, ಅನಂತರ ಕಣ್ಣು ಮುಚ್ಚಲಿ.