ಗೋಕಾಕ, ಮೂಡಲಗಿ, ಹುಕ್ಕೇರಿ: ಫಲಿತಾಂಶವೂ ಕಲಿಕೆಯ ಪ್ರಗತಿಯೂ

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31 ಇದ್ದರೆ ಶೈಕ್ಷಣಿಕ ಜಿಲ್ಲೆಗಳು 35 ಇವೆ. ಬೆಳಗಾವಿ ಕಂದಾಯ ಜಿಲ್ಲೆಯನ್ನು ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಲಾಗಿದ್ದು, ಚಿಕ್ಕೋಡಿಯ ಉಪನಿರ್ದೇಶಕರ ವ್ಯಾಪ್ತಿಗೆ ಬರುವ ಎಂಟು ವಲಯಗಳಲ್ಲಿ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಸೇರಿವೆ. ಪ್ರತಿ ವಲಯಕ್ಕೂ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಜನ ಬಿಇಒ ಎಂದೇ ಕರೆಯುವ ಅಧಿಕಾರಿ, ಇರುತ್ತಾರೆ. ಮೂಡಲಗಿಯಂತೂ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾಗುವ ಮೊದಲೇ ಪ್ರತ್ಯೇಕ ವಲಯವಾಗಿತ್ತು.

ಈ ವಲಯಗಳ ಶಾಲೆಗಳನ್ನು ಹೋಲಿಸಲು ಸಾರ್ವಜನಿಕರ ಕೈಗೆ ಸಿಗುವ ಅಳತೆಗೋಲು ಬಹುಮಟ್ಟಿಗೆ ಒಂದೇ. ಅದು ಎಸ್‌ಎಸ್‌ಎಲ್‌ಸಿಯಲ್ಲಿ ತೇರ್ಗಡೆಯಾದವರ ಶೇಕಡಾ ಪ್ರಮಾಣ. 2017 ಮತ್ತು 2018ರಲ್ಲಿ ಚಿಕ್ಕೋಡಿ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದದ್ದು ಗಡಿಭಾಗದಲ್ಲಿ ಹೆಮ್ಮೆಯ ಸಂಗತಿಯಾಗಿತ್ತು. 2018ರಲ್ಲಿ ಉಡುಪಿಯ ಫಲಿತಾಂಶ ಶೇ 88.18, ಉತ್ತರ ಕನ್ನಡದ್ದು ಶೇ 88.12, ಚಿಕ್ಕೋಡಿಯದ್ದು ಶೇ 87.01 ಇತ್ತು. ಮೊದಲೆರಡು ಸ್ಥಾನಗಳ ನಡುವಿನ ಅಂತರವನ್ನು ಮಕ್ಕಳ ಲೆಕ್ಕಕ್ಕೆ ಇಳಿಸಿದರೆ ಹತ್ತು ಸಾವಿರಕ್ಕೆ ಆರು ಮಕ್ಕಳಷ್ಟೇ ಆಗುತ್ತದೆ; ಸ್ಥಾನಪಟ್ಟಿಯಲ್ಲಿ ಮಾತ್ರ ಅದು ಪೂರ್ತಿ ಒಂದು ಮೆಟ್ಟಿಲಾಗಿ ಕಾಣುತ್ತದೆ.

ತೇರ್ಗಡೆ ಎಂಬುದು ಹೊಸ್ತಿಲಿನಂತಹ ಅಳತೆಯಾದ್ದರಿಂದ ದಾಟಿದವರು ಎಷ್ಟು ದೂರ ಹೋದರು, ದಾಟದವರು ಎಷ್ಟು ಹತ್ತಿರ ಬಂದಿದ್ದರು ಎಂಬುದನ್ನು ಅದು ಹೇಳುವುದಿಲ್ಲ. 625ಕ್ಕೆ 219 ಅಂಕ ಪಡೆದ ಹುಡುಗನೂ 600 ಅಂಕ ಪಡೆದ ಹುಡುಗಿಯೂ ಶೇಕಡಾ ಲೆಕ್ಕದಲ್ಲಿ ತಲಾ ಒಂದೊಂದು ತಲೆ. ಮೇಲಾಗಿ ಹೊಸ್ತಿಲೂ ಇದ್ದಲ್ಲಿ ಇರುವುದಿಲ್ಲ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಕುಸಿಯಿತು, 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗವು ಮರುವರ್ಷ ಮೊದಲ ಹತ್ತರಲ್ಲಿಯೂ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ಮೇಷ್ಟ್ರುಗಳೆಲ್ಲ ಪಾಠ ಮರೆತರೆಂದು ಯಾರೂ ಹೇಳಲಾರರು.

ಶಿಕ್ಷಣದ ಅಳತೆಯಲ್ಲಿ ಸಾಧನೆ ಮತ್ತು ಪ್ರಗತಿ ಎಂಬ ಎರಡು ಪದಗಳನ್ನು ಬೇರ್ಪಡಿಸುವುದು ಇಂತಹ ಕಾರಣಗಳಿಗಾಗಿಯೇ. ಒಂದು ದಿನ ಮಗು ಎಲ್ಲಿ ನಿಂತಿದೆ ಎಂಬುದು ಸಾಧನೆ; ಅದೇ ಮಗು ಹಿಂದೆ ನಿಂತಿದ್ದ ಜಾಗದಿಂದ ಎಷ್ಟು ಮುಂದೆ ಬಂತು ಎಂಬುದು ಪ್ರಗತಿ. ಹೋದ ವರ್ಷ ಶೇ 70 ಇದ್ದ ವಲಯ ಈ ವರ್ಷ ಶೇ 78ಕ್ಕೆ ಬಂದರೆ ಅದನ್ನು ಪ್ರಗತಿ ಎನ್ನುವ ರೂಢಿಯಿದೆಯಾದರೂ, ಆ ಎರಡು ಅಂಕಿಗಳ ಹಿಂದೆ ಇರುವವರು ಬೇರೆ ಬೇರೆ ಮಕ್ಕಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಸುಮಾರು 11,000 ಶಾಲಾ ಜಿಲ್ಲೆಗಳ ಪರೀಕ್ಷಾ ಅಂಕಗಳನ್ನು ಪರಿಶೀಲಿಸಿ 2017ರಲ್ಲಿ ತೋರಿಸಿದ ಸಂಗತಿ ಇಲ್ಲಿ ನೆನೆಯತಕ್ಕದ್ದು. ಮೂರನೆಯ ತರಗತಿಯಲ್ಲಿ ದೇಶದ ಸರಾಸರಿಗಿಂತ ಬಹಳ ಹಿಂದಿದ್ದ ಚಿಕಾಗೊದ ಮಕ್ಕಳು ಎಂಟನೆಯ ತರಗತಿಗೆ ಬರುವಷ್ಟರಲ್ಲಿ, ಐದು ವರ್ಷಗಳ ಅವಧಿಯಲ್ಲಿ ಆರು ವರ್ಷಗಳ ಕಲಿಕೆಗೆ ಸಮನಾದಷ್ಟು ಮುಂದೆ ಸಾಗಿದ್ದರು. ಬರಿಯ ಸರಾಸರಿ ಅಂಕದ ಪಟ್ಟಿಯಲ್ಲಿ ಆ ನಗರ ಹಿಂದುಳಿದದ್ದೆಂದೇ ಎಣಿಕೆಯಾಗುತ್ತಿತ್ತು.

ಇಂತಹ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿಯೂ ಇದೆ. ಸ್ಯಾಟ್ಸ್ ಎಂಬ ಗಣಕ ದಾಖಲೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದ್ದು, ಶಾಲೆ ಬದಲಾದರೂ ಆ ಸಂಖ್ಯೆ ಮಗುವಿನ ಬೆನ್ನಿಗೇ ಇರುತ್ತದೆ. 2023ರ ಮಾರ್ಚ್ ಕೊನೆಯಲ್ಲಿ ರಾಜ್ಯ ಪಠ್ಯಕ್ರಮದ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು; ಅಂದು ಎಂಟರಲ್ಲಿದ್ದು ಎಲ್ಲಿಯೂ ನಿಲ್ಲದೆ ಓದಿದವರು 2025ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದರು. ಎರಡು ಪರೀಕ್ಷೆಗಳ ಅಂಕಗಳನ್ನು ನೇರವಾಗಿ ಕಳೆಯುವಂತಿಲ್ಲ, ಏಕೆಂದರೆ ಪ್ರಶ್ನೆಪತ್ರಿಕೆಗಳ ತೂಕ ಬೇರೆ. ಅದರ ಬದಲು ಎಂಟರಲ್ಲಿ, ಕಲ್ಪನೆಗೆಂದು, 40 ಅಂಕ ಪಡೆದ ಮಕ್ಕಳನ್ನೆಲ್ಲ ರಾಜ್ಯದಾದ್ಯಂತ ಒಂದೆಡೆ ತಂದು, ಅವರು ಹತ್ತರಲ್ಲಿ ಪಡೆದ ಸರಾಸರಿಯನ್ನು ಕಂಡುಕೊಂಡು, ಅದೇ 40ರಿಂದ ಹೊರಟ ಮೂಡಲಗಿಯ ಮಕ್ಕಳು ಆ ಸರಾಸರಿಗಿಂತ ಮೇಲಿದ್ದಾರೆಯೇ ಕೆಳಗಿದ್ದಾರೆಯೇ ಎಂದು ನೋಡಬೇಕು. ಪ್ರತಿ ಅಂಕಕ್ಕೂ ಹೀಗೆ ಮಾಡಿ ಕೂಡಿಸಿದಾಗ ವಲಯದ ಪ್ರಗತಿ ತಿಳಿಯುತ್ತದೆ. ಹುಕ್ಕೇರಿಯ ಫಲಿತಾಂಶ ಮೂಡಲಗಿಗಿಂತ ಹೆಚ್ಚಿದ್ದೂ ಪ್ರಗತಿಯಲ್ಲಿ ಮೂಡಲಗಿಯೇ ಮುಂದಿರುವುದು ಈ ಲೆಕ್ಕದಲ್ಲಿ ಸಾಧ್ಯ.

ಆದರೆ ಈ ಸೀಮೆಯಲ್ಲಿ ಲೆಕ್ಕಕ್ಕೆ ಕೆಲವು ತೊಡಕುಗಳಿವೆ. ನೀರಾವರಿಯ ಊರುಗಳಲ್ಲಿ ಅನೇಕ ಕುಟುಂಬಗಳು ಕಬ್ಬಿನ ಹೊಲದ ನಡುವೆಯೇ ಮನೆ ಮಾಡಿಕೊಂಡಿರುವುದರಿಂದ, ಜನರ ಬಾಯಲ್ಲಿ ತೋಟದ ಸಾಲಿ ಎನಿಸಿಕೊಳ್ಳುವ ಕಿರಿಯ ಪ್ರಾಥಮಿಕ ಶಾಲೆಗಳು ಹಬ್ಬಿವೆ. ಅಂತಹ ಶಾಲೆಯ ಐದನೆಯ ತರಗತಿಯಲ್ಲಿ ಆರು ಮಕ್ಕಳಿದ್ದರೆ, ಒಬ್ಬನಿಗೆ ಜ್ವರ ಬಂದು ಪರೀಕ್ಷೆ ಕೆಟ್ಟರೂ ಶಾಲೆಯ ಶೇಕಡಾ ಪ್ರಮಾಣ ಹದಿನೇಳರಷ್ಟು ಬೀಳುತ್ತದೆ; ಮೂರು ನಾಲ್ಕು ವರ್ಷಗಳ ಮಕ್ಕಳನ್ನು ಕೂಡಿಸದೆ ಇಲ್ಲಿ ಏನನ್ನೂ ಹೇಳುವಂತಿಲ್ಲ. ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿಕೊಳ್ಳುವ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಎತ್ತರದ ಫಲಿತಾಂಶ ಅವು ಇರುವ ವಲಯದ ಖಾತೆಗೆ ಜಮೆಯಾದರೆ, ಚುರುಕಿನ ಮಕ್ಕಳನ್ನು ಕಳುಹಿಸಿಕೊಟ್ಟ ಊರಿನ ಶಾಲೆ ಸೊರಗಿದಂತೆ ತೋರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೆರೆ ಗೋಕಾಕಕ್ಕೆ ನುಗ್ಗಿದಂತಹ ವರ್ಷಗಳಲ್ಲಿ ಕುಗ್ಗಿದ ಪ್ರಗತಿಯನ್ನು ಶಿಕ್ಷಕರ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಹುಕ್ಕೇರಿಯದು ಇನ್ನೊಂದು ಬಗೆಯ ತೊಡಕು. ಸಂಕೇಶ್ವರದ ಆಚೆಗೆ ಗಡಿ ದಾಟಿದರೆ ಮಹಾರಾಷ್ಟ್ರದ ಗಡಹಿಂಗ್ಲಜ ಸಮೀಪದಲ್ಲಿಯೇ ಇದೆ; ಎಂಟು ಮುಗಿಸಿ ಅಲ್ಲಿಯ ಶಾಲೆಗೆ ಸೇರಿದ ಮಗು ಓದು ಬಿಡದಿದ್ದರೂ ಹತ್ತರ ಅಂಕ ಬೇರೆ ರಾಜ್ಯದ ಮಂಡಳಿಯ ಪಟ್ಟಿಯಲ್ಲಿರುತ್ತದೆ, ಸ್ಯಾಟ್ಸ್‌ನಲ್ಲಿ ಅದರ ಸಾಲು ಎಂಟಕ್ಕೇ ನಿಂತಿರುತ್ತದೆ.