ಪಟ್ಟಣದ ಗೆರೆ ತೋಟದ ಬೇಲಿ ದಾಟುವ ಮುನ್ನ



ಪಟ್ಟಣಗಳು ಬೆಳೆಯುವುದು ನಮಗೆ ಹೊಸ ಸಂಗತಿಯಲ್ಲ. ಸಂತೆ, ಶಾಲೆ, ಆಸ್ಪತ್ರೆ, ಕಾಫಿ ಕ್ಯೂರಿಂಗ್ ವರ್ಕ್ಸ್, ಅಡಿಕೆ ಮಂಡಿ ಎಲ್ಲವೂ ಪಟ್ಟಣದಲ್ಲೇ ಇರುವುದರಿಂದ ಪಟ್ಟಣವನ್ನು ಬೇಡವೆನ್ನುವ ಮಾತು ನಮ್ಮದಲ್ಲ. ಆದರೆ ಅದು ಬೆಳೆಯುವ ಕ್ರಮವನ್ನು ಮಾತ್ರ ನಾವು ಸರಿಯಾಗಿ ತಿಳಿದುಕೊಳ್ಳಬೇಕು. ನಿವೇಶನ ಮಾಡುವವರೂ ಮನೆ ಕಟ್ಟುವವರೂ ಬರುವುದು ಕೊನೆಗೆ. ಅವರಿಗಿಂತ ಎಷ್ಟೋ ವರ್ಷ ಮೊದಲು ಬರುವುದು ನಕ್ಷೆಯ ಮೇಲಿನ ಒಂದು ಗೆರೆ. ಅದನ್ನು ಎಳೆದ ದಿನ ತೋಟದಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಆದ್ದರಿಂದಲೇ ಯಾರೂ ಗಮನಿಸುವುದಿಲ್ಲ. ಗೆರೆಯ ಅರ್ಥ ತಿಳಿಯುವ ಹೊತ್ತಿಗೆ ಆಕ್ಷೇಪಣೆಯ ಗಡುವು ಮುಗಿದಿರುತ್ತದೆ.

ಈ ಮಾತನ್ನು ಹೇಳಲು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯನ್ನು ಆರಿಸಿಕೊಂಡಿದ್ದೇವೆ. ಕಾಫಿಯೂ ಅಡಿಕೆಯೂ ಇಲ್ಲದ ಬಯಲುಸೀಮೆಯ ಮಾತು ನಮ್ಮ ಪತ್ರಿಕೆಗೇಕೆ ಎಂದು ಸದಸ್ಯರು ಕೇಳಬಹುದು. ಅಲ್ಲಿನ ರೈತರೂ ನಮ್ಮ ಹಾಗೆ ಎರಡು ಎಕರೆ, ಮೂರು ಎಕರೆಯವರು. ರಾಗಿ, ತರಕಾರಿ, ರೇಷ್ಮೆ, ಹೂವು ಬೆಳೆದು ಬದುಕುವವರು. ಪಟ್ಟಣದ ಒತ್ತಡ ಅವರ ಮೇಲೆ ಮೊದಲು ಬಿದ್ದಿದೆ, ನಮ್ಮ ಮೇಲೆ ಈಗ ಬೀಳುತ್ತಿದೆ. ಅಷ್ಟೇ ವ್ಯತ್ಯಾಸ.

ಎರಡು ಮಹಾನಗರಗಳ ನಡುವೆ

ಲಕ್ಕೂರಿನ ಕಡೆಯ ಸ್ಥಿತಿ ಹೀಗಿದೆ. ಒಂದು ಪಕ್ಕದಲ್ಲಿ ಬೆಂಗಳೂರು ಪ್ರತಿ ವರ್ಷವೂ ಹತ್ತಿರ ಬರುತ್ತಿದೆ. ಇನ್ನೊಂದು ಪಕ್ಕದಲ್ಲಿ ತಮಿಳುನಾಡಿನ ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಯ ಹಳೆಯ ಕಾರ್ಖಾನೆಗಳ ಜೊತೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕೈಗಾರಿಕಾ ಪ್ರದೇಶವಿದೆ. ಹೊಸಕೋಟೆಯಿಂದ ಹೊರಡುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಈ ತಾಲ್ಲೂಕನ್ನು ಹಾದು ಹೋಗುತ್ತದೆ. 2020ರಲ್ಲಿ ಭೂ ಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳು ರದ್ದಾದ ಮೇಲೆ ಬೇಸಾಯಗಾರರಲ್ಲದವರೂ ಬೇಸಾಯದ ಜಮೀನು ಕೊಳ್ಳಬಹುದಾಗಿದೆ. ಇಷ್ಟೆಲ್ಲ ಒಟ್ಟಿಗೆ ಕೂಡಿದಾಗ ಜಮೀನಿನ ಬೆಲೆ ಏರುವುದೂ ಹಳ್ಳಿಯ ಹೊಲ ನಿವೇಶನವಾಗುವುದೂ ಸಹಜ. ಇದಕ್ಕೆ ಒಂದು ಕ್ರಮ ಹಾಕಬೇಕಾದದ್ದು ಯೋಜನಾ ಪ್ರಾಧಿಕಾರದ ಕೆಲಸ.

ಗೆರೆ ಒಂದಲ್ಲ, ಎರಡು

ನಮ್ಮಲ್ಲಿ ಅನೇಕರು ಎರಡು ಬೇರೆ ಬೇರೆ ಗೆರೆಗಳನ್ನು ಒಂದೇ ಎಂದು ತಿಳಿದಿರುವುದರಿಂದ ಮೊದಲು ಇದನ್ನು ಬಿಡಿಸಿ ಹೇಳುತ್ತೇವೆ.

ಮೊದಲನೆಯದು ಸ್ಥಳೀಯ ಯೋಜನಾ ಪ್ರದೇಶದ ಗೆರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಸರ್ಕಾರ ಪಟ್ಟಣವನ್ನೂ ಅದರ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಈ ಪ್ರದೇಶವನ್ನು ಘೋಷಿಸುತ್ತದೆ. ಅದಕ್ಕೊಂದು ಪ್ರಾಧಿಕಾರವಿರುತ್ತದೆ, ಮಾಲೂರಿಗೆ ಮಾಲೂರು ಯೋಜನಾ ಪ್ರಾಧಿಕಾರವಿದೆ. ಸರ್ಕಾರ ನೇಮಿಸಿದ ಅಧ್ಯಕ್ಷರು, ಸದಸ್ಯ ಕಾರ್ಯದರ್ಶಿಯಾಗಿ ನಗರ ಯೋಜನಾ ಅಧಿಕಾರಿ, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಇದರಲ್ಲಿರುತ್ತಾರೆ. ಈ ಗೆರೆಯೊಳಗೆ ಬಂದರೂ ಹಳ್ಳಿ ಹಳ್ಳಿಯಾಗಿಯೇ ಉಳಿಯುತ್ತದೆ, ಗ್ರಾಮ ಪಂಚಾಯಿತಿಯೂ ಇರುತ್ತದೆ. ಆದರೆ ಯಾವ ಜಮೀನು ಯಾವ ಉಪಯೋಗಕ್ಕೆ ಎಂಬುದನ್ನು ಪ್ರಾಧಿಕಾರದ ಮಹಾಯೋಜನೆ ನಿರ್ಧರಿಸುತ್ತದೆ.

ಎರಡನೆಯದು ಪುರಸಭೆಯ ಎಲ್ಲೆ. ಹಳ್ಳಿಯನ್ನು ಪಟ್ಟಣಕ್ಕೆ ಸೇರಿಸುವುದು ಅಥವಾ ಹಳ್ಳಿಗಳನ್ನೇ ಕೂಡಿಸಿ ಪಟ್ಟಣ ಪಂಚಾಯಿತಿ ಮಾಡುವುದು 1964ರ ಪೌರಸಭೆಗಳ ಕಾಯಿದೆಯಂತೆ ನಡೆಯುವ ಕೆಲಸ. ಇಲ್ಲಿ ಗ್ರಾಮ ಪಂಚಾಯಿತಿಯೇ ಇಲ್ಲವಾಗುತ್ತದೆ. ಕೋಲಾರ ತಾಲ್ಲೂಕಿನಲ್ಲಿ ವೇಮಗಲ್ ಮತ್ತು ಕುರುಗಲ್ ಸೇರಿ ಪಟ್ಟಣ ಪಂಚಾಯಿತಿಯಾಗಿ, ಅದಕ್ಕೆ ಮೊದಲ ಚುನಾವಣೆ ನಡೆದದ್ದು 2025ರಲ್ಲಿ.

ಮೊದಲನೆಯ ಗೆರೆ ಜಮೀನಿನ ಉಪಯೋಗವನ್ನು ಬದಲಿಸುತ್ತದೆ. ಎರಡನೆಯದು ತೆರಿಗೆಯನ್ನೂ ಪರಿಹಾರವನ್ನೂ ಆಡಳಿತವನ್ನೂ ಬದಲಿಸುತ್ತದೆ. ಯಾವ ಗೆರೆ ಬರುತ್ತಿದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ನಕ್ಷೆಯ ಬಣ್ಣಗಳು

ಮಹಾಯೋಜನೆಯ ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಬೇಸಾಯಕ್ಕೆ ತೆಳು ಹಸಿರು ಬಣ್ಣ ಹಾಕುವುದು ವಾಡಿಕೆ. ಹಳದಿ ಬಣ್ಣ ಬಿದ್ದ ಮಾತ್ರಕ್ಕೆ ನಾಳೆಯೇ ಬೇಸಾಯ ಬಿಡಬೇಕೆಂದಲ್ಲ. ಆದರೆ ಹಸಿರಿನಲ್ಲಿದ್ದರೆ ಬಡಾವಣೆಗೆ ಒಪ್ಪಿಗೆ ಸಿಗುವುದು ಕಷ್ಟ, ಹಳದಿಯಲ್ಲಿದ್ದರೆ ಸುಲಭ. ಪಕ್ಕದ ಹತ್ತು ಎಕರೆ ಬಡಾವಣೆಯಾದರೆ ನಮ್ಮ ಎರಡು ಎಕರೆಗೆ ಬರುವ ಕಾಲುವೆ, ಗಾಡಿದಾರಿ, ಅಂತರ್ಜಲ ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ.

ಹಿಂದೆ ರೂಪರೇಷೆಯ ಯೋಜನೆ, ಸಮಗ್ರ ಅಭಿವೃದ್ಧಿ ಯೋಜನೆ ಎಂದು ಎರಡು ಹಂತಗಳಿದ್ದವು. ಈಗ ಮಹಾಯೋಜನೆ ಒಂದೇ. ಅದನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯಿದೆ ಹೇಳುತ್ತದೆ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2017ರ ನವೆಂಬರಿನಲ್ಲಿ 2031ರವರೆಗಿನ ಕರಡನ್ನು ಪ್ರಕಟಿಸಿದಾಗ ಜನರಿಗೆ 60 ದಿನಗಳ ಕಾಲಾವಕಾಶವಿತ್ತು. ಆ ಕರಡನ್ನು ಸರ್ಕಾರ 2020ರಲ್ಲಿ ಹಿಂದಕ್ಕೆ ಪಡೆಯಿತು. ಕರಡು ಎಂದರೆ ಕಲ್ಲಿನ ಮೇಲೆ ಬರೆದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಮಹಾಯೋಜನೆ ಜಾರಿಯಾದ ಮೇಲೂ 14-ಎ ಕಲಮಿನಂತೆ ಬಿಡಿ ಬಿಡಿಯಾಗಿ ಭೂ ಉಪಯೋಗ ಬದಲಿಸಲು ಅವಕಾಶವಿದೆ. ಅದಕ್ಕೂ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸರ್ವೆ ನಂಬರುಗಳ ಪಟ್ಟಿ ಬರುತ್ತದೆಯಲ್ಲ, ಅದೇ ಇದು. ಮಾರುಕಟ್ಟೆ ಧಾರಣೆ ನೋಡುವಷ್ಟೇ ಶ್ರದ್ಧೆಯಿಂದ ಅದನ್ನೂ ನೋಡಬೇಕು.

ಪುರಸಭೆಗೆ ಸೇರಿದರೆ ಏನಾಗುತ್ತದೆ?

ಮೊದಲನೆಯದು ಆದಾಯ ತೆರಿಗೆ. ಗ್ರಾಮಾಂತರದ ಬೇಸಾಯದ ಜಮೀನು ಮಾರಿದರೆ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ಆದರೆ 10 ಸಾವಿರ ಅಥವಾ ಹೆಚ್ಚು ಜನಸಂಖ್ಯೆಯ ಪುರಸಭೆಯೊಳಗಿನ ಜಮೀನಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, ಪಟ್ಟಣದ ಜನಸಂಖ್ಯೆ 1 ಲಕ್ಷದವರೆಗಿದ್ದರೆ ಎಲ್ಲೆಯಿಂದ 2 ಕಿಲೋಮೀಟರು, 1ರಿಂದ 10 ಲಕ್ಷವಿದ್ದರೆ 6 ಕಿಲೋಮೀಟರು, ಅದಕ್ಕೂ ಹೆಚ್ಚಿದ್ದರೆ 8 ಕಿಲೋಮೀಟರಿನವರೆಗಿನ ಜಮೀನಿಗೂ ಇಲ್ಲ. ಈ ದೂರವನ್ನು ರಸ್ತೆಯ ಮೇಲಲ್ಲ, ನೇರವಾಗಿ ಅಳೆಯುತ್ತಾರೆ. ಎಂದರೆ ಪುರಸಭೆಯ ಎಲ್ಲೆ ಮೂರು ಕಿಲೋಮೀಟರು ಮುಂದೆ ಬಂದರೆ ತೆರಿಗೆಯ ಎಲ್ಲೆಯೂ ಅಷ್ಟೇ ಮುಂದೆ ಬರುತ್ತದೆ. ಪಟ್ಟಣಕ್ಕೆ ಸೇರದ ಪಕ್ಕದ ಊರಿನವರಿಗೂ ಇದು ಮುಟ್ಟುತ್ತದೆ.

ಎರಡನೆಯದು ಭೂಸ್ವಾಧೀನದ ಪರಿಹಾರ. 2013ರ ಕಾಯಿದೆಯಂತೆ ಗ್ರಾಮಾಂತರ ಜಮೀನಿನ ಮಾರುಕಟ್ಟೆ ಬೆಲೆಯನ್ನು 1ರಿಂದ 2ರವರೆಗಿನ ಅಂಕದಿಂದ ಗುಣಿಸಿ, ಅದರ ಮೇಲೆ ಶೇಕಡಾ 100ರಷ್ಟು ಸಾಂತ್ವನ ಧನ ಸೇರಿಸಬೇಕು. ಪಟ್ಟಣದ ಜಮೀನಿಗೆ ಗುಣಿಸುವ ಅಂಕ 1 ಮಾತ್ರ. ಒಂದು ಲೆಕ್ಕ ಹಾಕೋಣ. ಎಕರೆಗೆ 20 ಲಕ್ಷ ಬೆಲೆಯಿದೆ ಎನ್ನಿ. ಗ್ರಾಮಾಂತರದಲ್ಲಿ ಅಂಕ 2 ಆದರೆ 40 ಲಕ್ಷ, ಸಾಂತ್ವನ ಧನ ಸೇರಿ 80 ಲಕ್ಷ. ಅದೇ ಜಮೀನು ಪಟ್ಟಣಕ್ಕೆ ಸೇರಿದ ಮೇಲಾದರೆ 20 ಲಕ್ಷ, ಸಾಂತ್ವನ ಧನ ಸೇರಿ 40 ಲಕ್ಷ. ಪಟ್ಟಣವಾದ ಮೇಲೆ ಮಾರುಕಟ್ಟೆ ಬೆಲೆ ಏರುತ್ತದೆ ಎಂಬ ವಾದವೂ ಇದೆ. ಆದರೆ ಎಲ್ಲೆ ಬದಲಾದ ಮಾರನೆಯ ದಿನವೇ ಬೆಲೆ ಇಮ್ಮಡಿಯಾಗುವುದಿಲ್ಲ. ರಸ್ತೆ, ಬಡಾವಣೆಗಳ ಸ್ವಾಧೀನದ ಮಾತು ನಡೆಯುತ್ತಿರುವಾಗ ಪಟ್ಟಣಕ್ಕೆ ಸೇರಿಸುವ ಪ್ರಸ್ತಾಪವೂ ಬಂದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನಾವು ಹೇಳುವುದು ಇದಕ್ಕೇ.

ಮೂರನೆಯದು ಗ್ರಾಮ ಸಭೆ. ಪಂಚಾಯಿತಿಯಲ್ಲಿ ಊರಿನ ಮತದಾರರೆಲ್ಲ ಕುಳಿತು ಲೆಕ್ಕ ಕೇಳುವ ಹಕ್ಕಿದೆ. ಗ್ರಾಮೀಣ ಉದ್ಯೋಗ ಯೋಜನೆಯ ಕೂಲಿಯೂ ಗ್ರಾಮ ಪಂಚಾಯಿತಿಗೇ ಸಂಬಂಧಿಸಿದ್ದು. ಪುರಸಭೆಗೆ ಸೇರಿದ ದಿನದಿಂದ ಇವೆರಡೂ ಇಲ್ಲ. ತೋಟದ ಕೆಲಸ ಮುಗಿದ ತಿಂಗಳುಗಳಲ್ಲಿ ಆ ಕೂಲಿಯನ್ನೇ ನಂಬಿದ ಆಳುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ನೀರು ಯಾವಾಗ ಬರುತ್ತದೆ?

ಪಟ್ಟಣಕ್ಕೆ ಸೇರಿದರೆ ನೀರು, ಒಳಚರಂಡಿ, ದೀಪ ಬರುತ್ತವೆ ಎನ್ನುತ್ತಾರೆ. ಬರುತ್ತವೆ, ಸುಳ್ಳಲ್ಲ. ಯಾವಾಗ ಎಂಬುದೇ ಪ್ರಶ್ನೆ. 2007ರಲ್ಲಿ ಬೆಂಗಳೂರಿಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ. ಅಷ್ಟು ಕಾಲ ಕೊಳವೆ ಬಾವಿ ಮತ್ತು ಟ್ಯಾಂಕರುಗಳೇ ಗತಿ. 2024ರ ಬೇಸಗೆಯಲ್ಲಿ ಅವೂ ಸಾಲದೆ ಹೋದವು. ಆ ಪಾಲಿಕೆಯೂ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು.

ಕೋಲಾರ ಜಿಲ್ಲೆಗೆ ತುಂಬಿ ಹರಿಯುವ ನದಿಯಿಲ್ಲ. ಕೆರೆಗಳೇ ಅದರ ಜೀವ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಗೆ ನೀರು ತರುವ ರಾಜಕಾಲುವೆಯ ಮೇಲೆಯೇ ಬಡಾವಣೆ ಎದ್ದರೆ ಮಳೆ ನೀರಿಗೂ ದಾರಿಯಿಲ್ಲ, ಹರಿಸಿದ ನೀರಿಗೂ ದಾರಿಯಿಲ್ಲ. ಆದ್ದರಿಂದ ಮಹಾಯೋಜನೆಯನ್ನು ನೋಡುವಾಗ ಬಣ್ಣಕ್ಕಿಂತ ಮೊದಲು ಕೆರೆ, ಕಾಲುವೆ, ಹಳ್ಳಗಳನ್ನು ನಕ್ಷೆಯಲ್ಲಿ ಸರಿಯಾಗಿ ತೋರಿಸಿದ್ದಾರೆಯೇ ಎಂದು ನೋಡಬೇಕು. ಮಲೆನಾಡಿನ ನಮಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಮ್ಮ ಅಡಿಕೆ ತೋಟಗಳೆಲ್ಲ ಹಳ್ಳದ ಕೆಳಗೇ ಇವೆ.

ಮೇಲುಸ್ತುವಾರಿ ಯಾರದು?

ಪ್ರಾಧಿಕಾರದ ಮೇಲೆ ಜನರ ಹಿಡಿತವಿರಲೆಂದು ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಿಲ್ಲಾ ಯೋಜನಾ ಸಮಿತಿಯನ್ನು ಕಡ್ಡಾಯ ಮಾಡಿದೆ. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಂದುಗೂಡಿಸುವುದು ಅದರ ಕೆಲಸ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನರು ಜಿಲ್ಲಾ ಪಂಚಾಯಿತಿ ಮತ್ತು ಪೌರ ಸಂಸ್ಥೆಗಳ ಚುನಾಯಿತ ಸದಸ್ಯರಾಗಿರಬೇಕು, ಅದೂ ಹಳ್ಳಿ ಮತ್ತು ಪಟ್ಟಣಗಳ ಜನಸಂಖ್ಯೆಯ ಪ್ರಮಾಣದಲ್ಲಿ. ಏರ್ಪಾಡು ಒಳ್ಳೆಯದೇ. ಆದರೆ ಕರ್ನಾಟಕದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಚುನಾಯಿತ ಸದಸ್ಯರೇ ಇಲ್ಲದಾಗ ಹಳ್ಳಿಯ ಪರವಾಗಿ ಆ ಸಮಿತಿಯಲ್ಲಿ ಮಾತನಾಡುವವರು ಯಾರು? ಮೇಲಿನ ಕಾವಲು ಸಡಿಲವಾದಾಗ ಕೆಳಗಿನ ಕಾವಲು ಬಿಗಿಯಾಗಬೇಕು. ಆ ಕಾವಲು ನಾವೇ.

ನಮ್ಮ ಕಡೆಯಲ್ಲಿ

ಕೊಡಗಿನ ಕುಶಾಲನಗರ ಪುರಸಭೆಯಾಗುವಾಗ ಪಕ್ಕದ ಮುಳ್ಳುಸೋಗೆ ಗ್ರಾಮ ಪಂಚಾಯಿತಿ ಅದಕ್ಕೆ ಸೇರಿತು. ಮಡಿಕೇರಿ, ಚಿಕ್ಕಮಗಳೂರುಗಳಿಗೆ ನಗರಾಭಿವೃದ್ಧಿ ಪ್ರಾಧಿಕಾರಗಳಿವೆ. ಅಡಿಕೆಯ ನಾಡಾದ ಪುತ್ತೂರು ನಗರಸಭೆಯಾಗಿದೆ. ಇವುಗಳ ಸುತ್ತ ಇರುವುದು ನಮ್ಮ ತೋಟಗಳೇ. ರಾಗಿ ಹೊಲ ಒಂದು ವರ್ಷ ಬೀಳು ಬಿದ್ದರೆ ಮರುವರ್ಷ ಬಿತ್ತಬಹುದು. ಕಾಫಿ ಗಿಡ, ನೆರಳಿನ ಮರ, ಅಡಿಕೆ ಮರ ಹೋದರೆ ಒಂದು ತಲೆಮಾರಿನ ದುಡಿಮೆ ಹೋದಂತೆ. ಹಾಗಾಗಿ ಲಕ್ಕೂರಿನ ರೈತರಿಗಿಂತಲೂ ನಾವು ಮೊದಲೇ ಎಚ್ಚರವಾಗಬೇಕು.

ಸದಸ್ಯರು ಮಾಡಬೇಕಾದ ಕೆಲಸ

1. ನಮ್ಮ ಊರು ಯಾವ ಪ್ರಾಧಿಕಾರದ ಯೋಜನಾ ಪ್ರದೇಶಕ್ಕೆ ಸೇರಿದೆ, ಸರ್ವೆ ನಂಬರಿಗೆ ಯಾವ ಬಣ್ಣವಿದೆ ಎಂದು ಕಚೇರಿಯಲ್ಲಿ ಕೇಳಿ. ಬಾಯಿಮಾತಿನ ಉತ್ತರ ಸಾಲದು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ ಬರಹದಲ್ಲಿ ಪಡೆಯಿರಿ.

2. ಆಕ್ಷೇಪಣೆಯಲ್ಲಿ ಸಿಟ್ಟು ಬೇಡ, ವಿವರ ಬೇಕು. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಗಿಡಗಳ ವಯಸ್ಸು, ಬಾವಿ, ಕಾಲುವೆ ಬರೆದು ಪಹಣಿಯ ಪ್ರತಿ ಲಗತ್ತಿಸಿ. ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

3. ಪಟ್ಟಣ ಪಂಚಾಯಿತಿ ಎಂದು ಘೋಷಿಸಲು ಊರಿನ ದುಡಿಯುವವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಬೇಸಾಯೇತರ ಕೆಲಸದಲ್ಲಿರಬೇಕೆಂದು ಕಾಯಿದೆಯೇ ಹೇಳಿದೆ. ಹೆಚ್ಚಿನವರು ಬೆಳೆಗಾರರೂ ತೋಟದ ಕೂಲಿಗಳೂ ಆಗಿರುವ ಊರಾದರೆ ಆ ಲೆಕ್ಕವನ್ನೇ ಮುಂದಿಡಿ.

4. ಮಹಾಯೋಜನೆಯಲ್ಲಿ ರಸ್ತೆಗೋ ಉದ್ಯಾನಕ್ಕೋ ಗುರುತಿಸಿದ ಖಾಸಗಿ ಜಮೀನಿನ ಸ್ವಾಧೀನ ಐದು ವರ್ಷದೊಳಗೆ ಆರಂಭವಾಗದಿದ್ದರೆ ಆ ಗುರುತು ರದ್ದಾಗುತ್ತದೆಂದು 69ನೇ ಕಲಮು ಹೇಳುತ್ತದೆ. ದಿನಾಂಕ ಬರೆದಿಟ್ಟುಕೊಳ್ಳಿ.

5. ಒಬ್ಬರು ಕೊಟ್ಟ ಅರ್ಜಿ ಕಡತದಲ್ಲಿ ಮಲಗಬಹುದು. ಊರಿನ ಬೆಳೆಗಾರರೆಲ್ಲ ಬೇರೆ ಬೇರೆಯಾಗಿಯೂ ಸಂಘದ ಮೂಲಕ ಒಟ್ಟಾಗಿಯೂ ಕೊಡಿ. ಗ್ರಾಮ ಸಭೆಯ ಠರಾವನ್ನು ಜೊತೆಗಿಡಿ.

ಜಮೀನು ಮಾರಬೇಕೆನ್ನುವ ಸದಸ್ಯರೂ ನಮ್ಮಲ್ಲಿದ್ದಾರೆ. ಮಕ್ಕಳು ಪಟ್ಟಣ ಸೇರಿ, ತೋಟಕ್ಕೆ ಆಳು ಸಿಗದೆ, ವಯಸ್ಸಾದವರಿಗೆ ಮಾರುವುದೇ ದಾರಿಯಾಗಿರಬಹುದು. ಅದು ಅವರ ಹಕ್ಕು. ಅದನ್ನು ನಾವು ಆಡಿಕೊಳ್ಳುವುದಿಲ್ಲ. ಅವರಿಗೂ ಈ ಗೆರೆಗಳ ತಿಳುವಳಿಕೆ ಬೇಕು, ಏಕೆಂದರೆ ಮಾರುವ ಬೆಲೆಯೂ ಕಟ್ಟುವ ತೆರಿಗೆಯೂ ಅದರ ಮೇಲೇ ನಿಂತಿವೆ. ಉಳಿಸಿಕೊಳ್ಳುವವರಾಗಲಿ ಮಾರುವವರಾಗಲಿ, ತಮ್ಮ ಜಮೀನಿನ ತೀರ್ಮಾನವನ್ನು ತಾವು ಮಾಡಬೇಕೇ ಹೊರತು ತಮಗೆ ತಿಳಿಯದಂತೆ ಎಳೆದ ಗೆರೆ ಮಾಡಬಾರದು.

ಪತ್ರಿಕೆಯಲ್ಲಿ ಪ್ರಾಧಿಕಾರದ ಪ್ರಕಟಣೆ ಕಂಡ ಸದಸ್ಯರು ಅದನ್ನು ಕತ್ತರಿಸಿ, ದಿನಾಂಕ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.